ಬೀರುವಿನಲ್ಲಿರೋ ಪ್ರಬಂಧ ಹೊರಗೆ ಬರಲಿ

ದಾವಣಗೆರೆ ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಕನ್ನಡ ಎಂಎ ಮುಗಿಸಿ ಈಗ ಪಿಎಚ್‌ಡಿ ಮಾಡ್ತಿದ್ದಾರೆ. ಅವರ ಪತ್ರದ ಸಾರ ಇಷ್ಟು: "ನಮ್ಮ ಯೂನಿವರ್ಸಿಟಿ ಲೈಬ್ರರಿಗೆ ಹೋದ್ರೆ ಪುಸ್ತಕದ ರ್‍ಯಾಕ್ ಹತ್ರ ಯಾರೂ ಇರಲ್ಲ, ರೀಡಿಂಗ್ ರೂಮಲ್ಲಿ ಕಾಂಪಿಟೇಟಿವ್ ಎಕ್ಸಾಮಿಗೆ ಓದೋರು ತಮ್ಮದೇ ಪುಸ್ತಕ ತಂದು ಕೂತಿರ್ತಾರೆ, ಮಿಕ್ಕಿದ್ದೆಲ್ಲಾ ಫೋನಲ್ಲೇ ಸಿಗುತ್ತೆ. ಇಷ್ಟು ದೊಡ್ಡ ಬಿಲ್ಡಿಂಗ್ ಯಾಕೆ ಸಾರ್, ಆ ದುಡ್ಡಲ್ಲಿ ಎಲ್ಲರಿಗೂ ಟ್ಯಾಬ್ ಕೊಡಬಾರದಾ?"

ನಿಮ್ಮ ಬೇಜಾರು ಅರ್ಥ ಆಗುತ್ತೆ. ಆದ್ರೆ "ಎಲ್ಲಾ ಫೋನಲ್ಲೇ ಸಿಗುತ್ತೆ" ಅಂದ್ರಲ್ಲ, ಅದನ್ನ ಒಪ್ಪೋಕಾಗಲ್ಲ. ನೀವೇ ಕನ್ನಡದಲ್ಲಿ ರಿಸರ್ಚ್ ಮಾಡ್ತಿರೋರು, ನಿಮ್ಮ ವಿಷಯದ ಮೇಲೆ ಮೂವತ್ತು ವರ್ಷದ ಹಿಂದೆ ಯಾರೋ ಬರೆದ ಪಿಎಚ್‌ಡಿ ಪ್ರಬಂಧ ಫೋನಲ್ಲಿ ಹುಡುಕಿ ನೋಡಿ.

ನಾನು ಹುಡುಕಿದ್ದೀನಿ. ಒಂದು ವಿಶೇಷ ಸಂಚಿಕೆಗೆ ಜಾತ್ರೆಗಳ ಬಗ್ಗೆ ಒಂದು ಹಳೇ ಪ್ರಬಂಧ ಬೇಕಿತ್ತು. ಅದು ಇದ್ದ ಲೈಬ್ರರಿಗೆ ಮೂರು ಸಲ ಹೋದೆ, ಬೀರು ಕೀಲಿ ಇರೋರು ರಜ, ಆಮೇಲೆ ಪರ್ಮಿಷನ್ ಲೆಟರ್, ಕೊನೆಗೆ ಸಿಕ್ಕಾಗ ಹಿಂದಿನ ರಟ್ಟಿಗೆ ಒಂದು ಸಿಡಿ ಅಂಟಿಸಿದ್ರು. ಅದರಲ್ಲಿದ್ದ ಫೈಲ್ ಕನ್ನಡ ಟೈಪ್ ಮಾಡೋಕೆ ಬಳಸ್ತಿದ್ದ ಹಳೇ ನುಡಿ ಫಾಂಟಿಂದು. ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ "ನ" ಇರಬೇಕಾದ ಕಡೆ ಪೌಂಡ್ ಚಿಹ್ನೆ, ಮಿಕ್ಕ ಕಡೆ ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಅಕ್ಷರಗಳ ರಾಶಿ. ಅಂದ್ರೆ ಆ ಪ್ರಬಂಧ ಡಿಜಿಟಲ್ ಆಗಿ ಎಷ್ಟೋ ವರ್ಷ ಆಗಿದೆ, ಆದ್ರೂ ಗೂಗಲ್‌ಗಾಗಲಿ ನಿಮಗಾಗಲಿ ಒಂದು ಪದಾನೂ ಸಿಗಲ್ಲ.

ನನ್ನ ಪ್ರಕಾರ ಅಸಲಿ ಸಮಸ್ಯೆ ಇದು. ಹೊರಗಡೆಯ ಸಂಶೋಧನೆ ನಮ್ಮ ಲೈಬ್ರರಿ ಒಳಗೆ ಬರೋ ದಾರಿ ಈಗ ಸಾಕಷ್ಟು ಅಗಲ ಆಗಿದೆ. 2024ರ ನವೆಂಬರಲ್ಲಿ ಕೇಂದ್ರ ಸಂಪುಟ ಒಪ್ಪಿದ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಯೋಜನೆಗೆ ಮೂರು ವರ್ಷಕ್ಕೆ 6000 ಕೋಟಿ ಇಟ್ಟಿದ್ದಾರೆ, 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಜರ್ನಲ್‌ಗಳು ಸರ್ಕಾರಿ ಯೂನಿವರ್ಸಿಟಿ, ಕಾಲೇಜುಗಳಿಗೆಲ್ಲಾ ಸಿಗಬೇಕು ಅನ್ನೋ ಲೆಕ್ಕ. ಫಿಸಿಕ್ಸ್, ಕೆಮಿಸ್ಟ್ರಿ ಓದೋರಿಗೆ ಇದು ದೊಡ್ಡ ವರ, ಅದರಲ್ಲೂ ಒಂದೊಂದು ಜರ್ನಲ್ಲಿಗೆ ಲಕ್ಷಗಟ್ಟಲೆ ಕೊಡೋಕಾಗದೆ ಸುಮ್ಮನಿದ್ದ ಕಾಲೇಜುಗಳಿಗೆ. ಆದ್ರೆ ಕನ್ನಡ ಜಾನಪದ, ನಮ್ಮ ಜಿಲ್ಲೆಗಳ ಇತಿಹಾಸ, ಶಾಸನ, ಇದ್ಯಾವುದೂ ಆ ವಿದೇಶಿ ಪ್ರಕಾಶಕರ ಹತ್ರ ಇಲ್ಲ. ಅದು ಇರೋದು ನಿಮ್ಮ ಆ ಖಾಲಿ ಅನ್ಸೋ ಬಿಲ್ಡಿಂಗಲ್ಲೇ.

ಪಿಎಚ್‌ಡಿ ಪ್ರಬಂಧಗಳನ್ನ ಆನ್‌ಲೈನಲ್ಲಿ ಇಡೋ ಶೋಧಗಂಗಾ ಇದೆಯಲ್ಲ ಅಂತೀರಿ. ಇದೆ, ಒಳ್ಳೇ ಕೆಲಸಾನೂ ಹೌದು, 2009ರ ಯುಜಿಸಿ ನಿಯಮ ಬಂದ್ಮೇಲೆ ಪ್ರಬಂಧದ ಸಾಫ್ಟ್ ಕಾಪಿ ಕೊಡ್ಬೇಕು ಅಂತಾಯ್ತು, ಯೂನಿವರ್ಸಿಟಿ ಲೈಬ್ರರಿಗಳನ್ನ ಜೋಡಿಸೋ ಯುಜಿಸಿ ಕೇಂದ್ರ ಇನ್‌ಫ್ಲಿಬ್‌ನೆಟ್‌ನವರು ಅದನ್ನ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆದ್ರೆ ಅದರಲ್ಲಿ ಕನ್ನಡದ ಎಷ್ಟೋ ಪ್ರಬಂಧಗಳು ಬರೀ ಪುಟದ ಫೋಟೋ. ಓದಬಹುದು, ಒಳಗೆ ಹುಡುಕೋಕಾಗಲ್ಲ. ಅದಕ್ಕೆ ಓಸಿಆರ್ ಮಾಡ್ಬೇಕು, ಅಂದ್ರೆ ಫೋಟೋಲಿರೋ ಅಕ್ಷರಗಳನ್ನ ಕಂಪ್ಯೂಟರ್ ಓದಿ ಟೆಕ್ಸ್ಟ್ ಮಾಡೋದು, ಈಗ ಟೆಸೆರಾಕ್ಟ್ ಥರದ ಉಚಿತ ಸಾಫ್ಟ್‌ವೇರ್‌ಗೂ ಕನ್ನಡ ಬರುತ್ತೆ, ಒತ್ತಕ್ಷರದಲ್ಲಿ ತಪ್ಪು ಮಾಡುತ್ತೆ, ತಿದ್ದೋಕೆ ಕನ್ನಡ ಗೊತ್ತಿರೋ ಮನುಷ್ಯರು ಬೇಕು. ನುಡಿ ಫೈಲುಗಳದ್ದು ಇನ್ನೂ ಸುಲಭ, ಎಲ್ಲಾ ಫೋನು, ಕಂಪ್ಯೂಟರ್‌ಗೂ ಅರ್ಥ ಆಗೋ ಯೂನಿಕೋಡ್ ಅಕ್ಷರಕ್ಕೆ ಕನ್ವರ್ಟ್ ಮಾಡೋ ಟೂಲ್ ಇದೆ, ಕೂತು ಮಾಡೋರು ಬೇಕು ಅಷ್ಟೆ. ಎಂಎ ಹುಡುಗ್ರಿಗೆ ಸ್ಟೈಪೆಂಡ್ ಕೊಟ್ಟು ಮಾಡಿಸಿದ್ರೆ ಅವರಿಗೂ ಕೆಲಸ ಕಲಿತಂಗಾಯ್ತು.

ಇದೆಲ್ಲಾ ಲೈಬ್ರರಿಯನ್ ಕೆಲಸಾನಾ ಅಂತ ಕೆಲವರು ಕೇಳ್ತಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿ ನೆನಪಿಸ್ಕೊಳ್ಳಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟನ್ನ ಅಲ್ಲಿನ ಲೈಬ್ರರಿಯನ್ ಆರ್. ಶಾಮಶಾಸ್ತ್ರಿಗಳು ಬಿಚ್ಚಿ, ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ರು. ಪಟ್ಟಿಲಿ ಒಂದು ನಂಬರ್ ಬರೆದು ಬಟ್ಟೆ ಸುತ್ತಿ ಇಟ್ಟಿದ್ರೂ ಅವರ ಸಂಬಳಕ್ಕೇನೂ ಕಡಿಮೆ ಆಗ್ತಿರ್ಲಿಲ್ಲ. ಅಂಥದ್ದೇ ಕೆಲಸ ಈಗ ಸ್ಕ್ಯಾನರ್ ಇಟ್ಕೊಂಡು ಆಗ್ಬೇಕು. ಆಗಲ್ಲ ಅನ್ನೋಕಾಗಲ್ಲ, ಆ ಲೈಬ್ರರಿ ಈಗ ಸೇರಿರೋ ಮೈಸೂರು ವಿವಿನೇ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನ ಯಾರು ಬೇಕಾದ್ರೂ ಬಳಸೋ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಬಿಟ್ಟುಕೊಡ್ತು. ಹಾಗಂತ ಎಲ್ಲಾನೂ ಸ್ಕ್ಯಾನ್ ಮಾಡಿ ಹಾಕೋಕೂ ಬರಲ್ಲ, ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ, ಆದ್ರೆ ಪ್ರಬಂಧ ಬರೆದವರು ಬಹಳಷ್ಟು ಜನ ಇನ್ನೂ ಇದ್ದಾರೆ, ಒಂದು ಪತ್ರ ಬರೆದು ಕೇಳಿದ್ರೆ ಖುಷಿಯಿಂದ ಒಪ್ತಾರೆ ಅಂತ ನನ್ನ ನಂಬಿಕೆ.

ಇನ್ನು ರೀಡಿಂಗ್ ರೂಮಿನ ಹುಡುಗ್ರು. ಅವರ ಬಗ್ಗೆ ಬೇಜಾರು ಮಾಡ್ಕೋಬೇಡಿ. ಹತ್ತು ಅಡಿ ರೂಮಲ್ಲಿ ನಾಲ್ಕು ಜನ ಇರೋ ಮಕ್ಕಳಿಗೆ ಫ್ಯಾನು, ಬೆಳಕು, ನಿಶ್ಯಬ್ದ ಇರೋ ಜಾಗ ಬೇರೆಲ್ಲೂ ಸಿಗಲ್ಲ. ಅವರ ಟೇಬಲ್ ಹತ್ರ ಪ್ಲಗ್ ಪಾಯಿಂಟ್ ಹಾಕ್ಸಿ, ವೈಫೈ ಸರಿ ಮಾಡಿ, ರಾತ್ರಿ ಹತ್ತರ ತನಕ ಬಾಗಿಲು ತೆಗೆದಿಡಲಿ. ಟ್ಯಾಬ್ ಕೊಟ್ರೆ ಎರಡು ವರ್ಷಕ್ಕೆ ಬ್ಯಾಟರಿ ಹೋಗುತ್ತೆ, ಆ ಕುರ್ಚಿ ಮೂವತ್ತು ವರ್ಷ ಇರುತ್ತೆ.

ಕೊನೇದಾಗಿ, ನಿಮ್ಮ ಪತ್ರದಲ್ಲಿ ಲೈಬ್ರರಿಯನ್ ಜೊತೆ ಮಾತಾಡಿದ ವಿಷಯ ಎಲ್ಲೂ ಇಲ್ಲ. ನಾಳೆ ಹೋಗಿ ಎರಡು ಕೇಳಿ. ಒಂದು, ಮನೆಯಿಂದ ಜರ್ನಲ್ ಓದೋಕೆ ಇನ್‌ಫೆಡ್ ಲಾಗಿನ್ ನಮ್ಮ ಯೂನಿವರ್ಸಿಟಿಲಿ ಕೊಡ್ತೀರಾ ಅಂತ. ಎರಡು, ನಿಮ್ಮ ಡಿಪಾರ್ಟ್‌ಮೆಂಟಿನ 2009ಕ್ಕಿಂತ ಹಿಂದಿನ ಪ್ರಬಂಧಗಳ ಪಟ್ಟಿ. ಪಟ್ಟಿ ಸಿಕ್ರೆ ನಮಗೆ ಕಳಿಸಿ, ಪತ್ರಿಕೆಲಿ ಹಾಕ್ತೀವಿ. ಸಿಗದೇ ಇದ್ರೂ ಬರೀರಿ, ನಾನೇ ಒಂದು ಸಲ ಬರ್ತೀನಿ.