ಹಿಂದಿನ ಸೀಟಿನಿಂದ ಕಂಡ ಗೆಳೆತನ

ಪತ್ರ: ‘ಡ್ರೈವಿಂಗ್ ಮಿಸ್ ಡೇಸಿ’ ಚಿತ್ರವನ್ನು ಮೊನ್ನೆ ಮತ್ತೆ ನೋಡಿದೆ. ವಯಸ್ಸಾದ ಯಜಮಾನಿಗೂ ಆಕೆಯ ಕಾರು ಚಾಲಕನಿಗೂ ಬೆಳೆಯುವ ಸ್ನೇಹ ಕಂಡು ಕಣ್ಣು ತುಂಬಿ ಬಂತು. ಇಂಥ ನಿರ್ಮಲ ಗೆಳೆತನದಲ್ಲೂ ಸಂಬಳ, ಮೈಬಣ್ಣ ಎಂದು ಕೆದಕುವವರಿಗೆ ಏನೆನ್ನಬೇಕು? – ಒಬ್ಬ ನಿವೃತ್ತ ಶಿಕ್ಷಕಿ

ಉತ್ತರ: ಅಮ್ಮಾ, ಹಾಗೆ ಕೆದಕುವವರಲ್ಲಿ ನಾನೂ ಒಬ್ಬ. ಅದಕ್ಕೇ ನಿಮ್ಮ ಪತ್ರವನ್ನು ಪಕ್ಕಕ್ಕಿಡಲು ಮನಸ್ಸಾಗಲಿಲ್ಲ.

ನಿಮ್ಮ ಕಣ್ಣೀರಿನ ಬಗ್ಗೆ ನನಗೆ ಗೌರವವಿದೆ. ಆಲ್ಫ್ರೆಡ್ ಉರಿ ತಮ್ಮ ಅಜ್ಜಿ ಮತ್ತು ಆಕೆಯ ಚಾಲಕನನ್ನು ಮನಸ್ಸಿನಲ್ಲಿಟ್ಟುಕೊಂಡೇ 1987ರಲ್ಲಿ ಈ ಚಿತ್ರಕ್ಕೆ ಮೂಲವಾದ ನಾಟಕ ಬರೆದರು. 1989ರ ಚಿತ್ರದಲ್ಲಿ ಯಜಮಾನಿ ಡೇಸಿಯ ಅಭಿನಯಕ್ಕೆ ಜೆಸ್ಸಿಕಾ ಟ್ಯಾಂಡಿ ಎಂಬತ್ತನೆಯ ವಯಸ್ಸಿನಲ್ಲಿ ಆಸ್ಕರ್ ಪಡೆದರು. ಆ ಮುದುಕಿಯ ಪ್ರೀತಿ ಸುಳ್ಳೆಂದು ನಾನೂ ಹೇಳುವುದಿಲ್ಲ.

ಆದರೆ ಆ ದಾರಿಬದಿಯ ದೃಶ್ಯ ನಿಮಗೆ ನೆನಪಿದೆಯೇ? ಅಣ್ಣನ ತೊಂಬತ್ತನೆಯ ಹುಟ್ಟುಹಬ್ಬಕ್ಕೆಂದು ಡೇಸಿ ಅಲಬಾಮಾದ ಮೊಬೀಲ್ ನಗರಕ್ಕೆ ಹೊರಟಿದ್ದಾಳೆ. ಆಕೆಯ ಕಪ್ಪು ಚಾಲಕ ಹೋಕ್ ಮೂತ್ರಕ್ಕೆ ಹೋಗಬೇಕೆನ್ನುತ್ತಾನೆ. ಪೆಟ್ರೋಲ್ ಹಾಕಿಸಿದಲ್ಲೇ ಮುಗಿಸಬೇಕಿತ್ತು ಎಂದು ಆಕೆ ಗದರುತ್ತಾಳೆ. ಅಲ್ಲಿನ ಶೌಚಾಲಯಕ್ಕೆ ಕಪ್ಪು ಜನರಿಗೆ ಪ್ರವೇಶವಿಲ್ಲ. ಎಷ್ಟೋ ವರ್ಷ ಅವನ ಹಿಂದೆಯೇ ಕುಳಿತು ಓಡಾಡಿದ ಹೆಂಗಸಿಗೆ ಅಷ್ಟು ಸಣ್ಣ ಸಂಗತಿ ಹೊಳೆದಿರಲಿಲ್ಲ! ಏಳು ದಶಕ ಬಾಳಿದ ಗಂಡಸು ಮೂತ್ರಕ್ಕೆ ಅಪ್ಪಣೆ ಕೇಳಬೇಕಾದ ಜಾಗದಲ್ಲಿ ಇರುವುದನ್ನು ಗೆಳೆತನ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವನು ಕೊನೆಗೆ ಅಪ್ಪಣೆಯನ್ನು ಲೆಕ್ಕಿಸದೆ ಕಾರು ನಿಲ್ಲಿಸಿ ಇಳಿದು ಹೋಗುತ್ತಾನೆ. ಇಡೀ ಚಿತ್ರದಲ್ಲಿ ನನ್ನ ಎದೆ ತುಂಬಿ ಬಂದ ಗಳಿಗೆ ಅದು.

ಸಂಬಳದ ಮಾತು ಯಾಕೆ ಎಂದಿರಿ. ಕಥೆ ನಡೆಯುವುದು ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ ನಗರದಲ್ಲಿ, 1948ರಿಂದ 1973ರವರೆಗೆ. ದುಡಿಯುವವರಿಗೆ ಮುಪ್ಪಿನಲ್ಲಿ ಪಿಂಚಣಿ ಕೊಡುವ ಅಮೆರಿಕದ 1935ರ ಸಾಮಾಜಿಕ ಭದ್ರತಾ ಕಾಯ್ದೆ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟೇ ಜಾರಿಗೆ ಬಂತು. ದಕ್ಷಿಣದ ರಾಜ್ಯಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರಲ್ಲಿ ಬಹುಪಾಲು ಇದ್ದದ್ದು ಆ ಎರಡು ಕೆಲಸಗಳಲ್ಲೇ. 1938ರ ಕನಿಷ್ಠ ಕೂಲಿಯ ಕಾನೂನು ಮನೆಗೆಲಸದವರನ್ನು ಮುಟ್ಟಿದ್ದು 1974ರಲ್ಲಿ, ಅಂದರೆ ಕಥೆ ಮುಗಿದ ಮರುವರ್ಷ! ಮನೆಯ ಕಾರು ಓಡಿಸುವವನೂ ಅದೇ ಗುಂಪಿಗೆ ಸೇರಿದವನು. ಅಂದರೆ ಕಥೆ ಮುಗಿದ ಮರುವರ್ಷ! ಅಷ್ಟೂ ಕಾಲ ಅವನ ಅನ್ನ ನಿಂತಿದ್ದು ಯಜಮಾನರ ಒಳ್ಳೆಯತನದ ಮೇಲೆ. ಅವರ ಮನಸ್ಸು ಮುರಿದರೆ ಕೆಲಸ ಹೋದಂತೆಯೇ ಎಂಬ ಎಚ್ಚರದಲ್ಲಿ ಬದುಕುವವನು ಯಜಮಾನಿಯ ಮುಂಗೋಪವನ್ನು ನಗುತ್ತಾ ಸಹಿಸಿದರೆ, ಅದರಲ್ಲಿ ವಾತ್ಸಲ್ಯ ಎಷ್ಟು, ಅಂಜಿಕೆ ಎಷ್ಟು? ಅವನೊಬ್ಬನೇ ಹೇಳಬಲ್ಲ.

ನನ್ನ ಸೋದರತ್ತೆಯ ಕಾರನ್ನು ಒಬ್ಬರೇ ಇಪ್ಪತ್ತೆರಡು ವರ್ಷ ಓಡಿಸಿದರು. ‘ನಮ್ಮ ಮನೆಯವನೇ’ ಎಂದು ಅತ್ತೆ ಎಲ್ಲರೆದುರೂ ಹೇಳುತ್ತಿದ್ದರು, ಮನಸ್ಸಿನಿಂದಲೇ ಹೇಳುತ್ತಿದ್ದರು. ಆಕೆ ತೀರಿಕೊಂಡ ಮೇಲೆ, ‘ಅತ್ತೆಗೆ ನಿಮ್ಮನ್ನು ಕಂಡರೆ ಬಹಳ ಪ್ರೀತಿಯಿತ್ತು, ಅಲ್ಲವೇ?’ ಎಂದು ಅವರನ್ನು ಕೇಳಿದೆ. ‘ಹೌದು ಸ್ವಾಮಿ. ಆದರೆ ಅವರ ಕೆಲಸ ಮುಗಿದ ಮೇಲೆಯೇ ನನಗೆ ಹಸಿವಾಗಬೇಕಿತ್ತು’ ಎಂದರು. ಅವರ ಧ್ವನಿಯಲ್ಲಿ ಕಹಿ ಇರಲಿಲ್ಲ. ಅದೇ ನನ್ನನ್ನು ಇಂದಿಗೂ ಕಾಡುತ್ತದೆ.

ಚಿತ್ರದ ಇನ್ನೊಂದು ರಾತ್ರಿ ನನಗೆ ಇದಕ್ಕಿಂತಲೂ ಭಾರ. 1964ರಲ್ಲಿ ನೊಬೆಲ್ ಪಡೆದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಮರುವರ್ಷದ ಜನವರಿಯಲ್ಲಿ ಅಟ್ಲಾಂಟಾ ನಗರ ಔತಣ ನೀಡಿತು. ಇದು ನಡೆದ ಸಂಗತಿ. ಚಿತ್ರದಲ್ಲಿ ಡೇಸಿಯೂ ಹೋಗುತ್ತಾಳೆ. ನೀನೂ ಬರುತ್ತೀಯಾ ಎಂದು ಹೋಕ್‌ನನ್ನು ವಿಚಾರಿಸುವುದು ಕಾರಿನಲ್ಲಿ, ದಾರಿಯಲ್ಲಿ, ಅರೆಮನಸ್ಸಿನಿಂದ. ಒಳಗೆ ಆಕೆ ಸಮಾನತೆಯ ಭಾಷಣ ಕೇಳುತ್ತಾಳೆ. ಹೊರಗೆ ಕತ್ತಲಲ್ಲಿ ಕುಳಿತ ಅವನು ಅದೇ ಭಾಷಣವನ್ನು ಕಾರಿನ ರೇಡಿಯೊದಲ್ಲಿ ಕೇಳುತ್ತಾನೆ.

ನಾಟಕಕಾರರು ಇದನ್ನೆಲ್ಲ ಬಚ್ಚಿಟ್ಟಿಲ್ಲ. ಕಣ್ಣೀರಿನ ಅವಸರದಲ್ಲಿ ದಾಟಿಕೊಂಡು ಬಂದವರು ನಾವು. ನಮ್ಮ ಪತ್ರಿಕೆಗಳದ್ದೂ ಇದೇ ಪಾಡು. ‘ನಮ್ಮ ನಿಷ್ಠಾವಂತ ಡ್ರೈವರ್’, ‘ನಮ್ಮ ಮನೆಯ ಅಡುಗೆಯಾಕೆ’ ಎಂಬ ಲೇಖನಗಳು ನನ್ನ ಮೇಜಿನ ಮೇಲೆ ರಾಶಿ ಬೀಳುತ್ತವೆ. ಎಲ್ಲವೂ ಯಜಮಾನರು ಬರೆದವೇ. ‘ನಮ್ಮ ಯಜಮಾನಿ’ ಎಂದು ಒಬ್ಬ ಚಾಲಕ ಬರೆದು ಕಳಿಸಿದ್ದು ಇಷ್ಟು ವರ್ಷಗಳಲ್ಲಿ ಒಂದೂ ಇಲ್ಲ. ನಿಷ್ಠೆ ಎಂಬ ಗುಣವನ್ನು ಸಂಬಳ ಪಡೆಯುವವರಲ್ಲಿ ಮಾತ್ರ ಯಾಕೆ ಹುಡುಕುತ್ತೇವೆ?

ಡೇಸಿಯೂ ನಿಮ್ಮಂತೆ ಶಿಕ್ಷಕಿಯಾಗಿದ್ದವಳು. ಓದು ಬಾರದ ಹೋಕ್‌ಗೆ ಸ್ಮಶಾನದ ಕಲ್ಲಿನ ಮೇಲಿನ ಹೆಸರನ್ನು ಅಕ್ಷರ ಹಿಡಿದು ಹುಡುಕಲು ಕಲಿಸಿದ್ದು ಅವಳೇ. ಆ ಪುಣ್ಯವನ್ನು ನಾನು ಅವಳಿಂದ ಕಿತ್ತುಕೊಳ್ಳುವುದಿಲ್ಲ. ನಿಮ್ಮಲ್ಲಿ ಒಂದು ಕೋರಿಕೆ. ಹತ್ತಾರು ವರ್ಷ ಒಂದೇ ಮನೆಯ ಕಾರು ಓಡಿಸಿದವರು ಯಾರಾದರೂ ನಿಮಗೆ ಗೊತ್ತಿದ್ದರೆ, ಅವರು ಹೇಳಿದ್ದನ್ನು ಒಂದು ಮಾತನ್ನೂ ನಯಗೊಳಿಸದೆ ಬರೆದು ಕಳಿಸಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ.