ಅಂಚಿಗೆ ಎಷ್ಟು ಪಿಕ್ಸೆಲ್ ಕೊಡಬೇಕು?

ಹೋದ ಸಂಚಿಕೆಯಲ್ಲಿ ಪ್ರೊಫೈಲ್ ಐಕಾನ್, ಅಂದರೆ ಜಾಲತಾಣದಲ್ಲಿ ನಮ್ಮ ಹೆಸರಿನ ಪಕ್ಕ ಕಾಣುವ ಪುಟ್ಟ ಚಿತ್ರದ ಬಗ್ಗೆ ಎರಡು ಮಾತು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಐಕಾನಿನ ಅಂಚಿನ ಬಗ್ಗೆಯೇ ಇದ್ದವು. ನನಗೆ ತುಂಬ ಇಷ್ಟದ ಕೆಲಸ ಅದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ದೊಡ್ಡ ಚಿತ್ರಕ್ಕೆ ಫೋಟೋಶಾಪ್‌ನಲ್ಲಿ ಚೆಂದದ ಬಳ್ಳಿ ಅಂಚು ಹಾಕುತ್ತೇನೆ. ಆಮೇಲೆ 100×100 ಪಿಕ್ಸೆಲ್‌ಗೆ ಇಳಿಸುತ್ತೇನೆ. ಇಳಿಸಿದ ಕೂಡಲೇ ಗೆರೆಗಳೆಲ್ಲ ಮಂಕಾಗಿಬಿಡುತ್ತವೆ. ಏನು ಮಾಡಲಿ?

ಉತ್ತರ: ಕೆಲಸದ ಕ್ರಮ ತಿರುಗಿಸಿ. ಮೊದಲು ಚಿತ್ರ ಕತ್ತರಿಸಿ, 100×100ಕ್ಕೆ ಇಳಿಸಿ. ಅಂಚು ಹಾಕುವುದು ಕೊನೆಗೆ.

ಇದೇ ನೋವು ನಾನೂ ಉಂಡಿದ್ದೇನೆ. ಕಲಿಯುತ್ತಿದ್ದ ದಿನಗಳಲ್ಲಿ ಗೆಳತಿಯೊಬ್ಬಳಿಗೆ ಅಂತ 1000 ಪಿಕ್ಸೆಲ್ ಅಗಲದ ಚಿತ್ರಕ್ಕೆ ಎಲೆ ಬಳ್ಳಿಯ ಅಂಚು ಬರೆದೆ. ಎರಡು ಸಂಜೆ ಕೂತು, ಒಂದೊಂದು ಎಲೆಗೂ ನಡುವಿನ ನರ ಎಳೆದಿದ್ದೆ. ಗೆರೆಯ ದಪ್ಪ 3 ಪಿಕ್ಸೆಲ್. ಅದನ್ನು 100ಕ್ಕೆ ಇಳಿಸಿದರೆ ಹತ್ತರಲ್ಲಿ ಒಂದು ಪಾಲು, ಅಂದರೆ 0.3 ಪಿಕ್ಸೆಲ್. ಅಷ್ಟು ಸಣ್ಣ ಗೆರೆ ಬರೆಯಲು ಜಾಗವೇ ಇಲ್ಲವಲ್ಲ. ಗೆರೆಯ ಬಣ್ಣವನ್ನೂ ಪಕ್ಕದ ಬಣ್ಣವನ್ನೂ ಬೆರೆಸಿ ತಂತ್ರಾಂಶ ಒಂದು ಬೂದು ಛಾಯೆ ಕೊಟ್ಟಿತು. ಎಲೆ ಎಲ್ಲಿ, ನರ ಎಲ್ಲಿ? ಸುತ್ತಲೂ ಧೂಳು ಕೂತ ಹಾಗೆ ಕಾಣುತ್ತಿತ್ತು. ಆಮೇಲೆ ಶಾರ್ಪನ್ ಮಾಡಿ ನೋಡಿದೆ. ಧೂಳು ಇನ್ನೂ ಒರಟಾಯಿತು, ಅಷ್ಟೇ.

ಅವತ್ತಿನಿಂದ ಕೊನೆಯ ಅಳತೆಯಲ್ಲೇ ಕ್ಯಾನ್ವಾಸ್ ತೆರೆಯುತ್ತೇನೆ. 800 ಪರ್ಸೆಂಟ್ ಝೂಮ್ ಮಾಡುತ್ತೇನೆ. ಒಂದೊಂದು ಪಿಕ್ಸೆಲ್ಲೂ ಒಂದೊಂದು ಚೌಕವಾಗಿ ಕಾಣುತ್ತದೆ. ಬ್ರಷ್ ಬಿಟ್ಟು ಪೆನ್ಸಿಲ್ ಟೂಲ್ ಹಿಡಿಯಿರಿ. ಬ್ರಷ್ಷಿನ ಗೆರೆಯ ಅಂಚು ಸ್ವಲ್ಪ ಕರಗಿರುತ್ತದೆ. ಪೆನ್ಸಿಲ್ ಮಾತ್ರ ಇಡೀ ಪಿಕ್ಸೆಲ್ ತುಂಬುತ್ತದೆ. 1984ರ ಮ್ಯಾಕಿಂಟೋಷ್ ಕಂಪ್ಯೂಟರಿಗೆ ಐಕಾನ್ ಬರೆದ ಸೂಸನ್ ಕೇರ್ ಅವರು ಗ್ರಾಫ್ ಹಾಳೆಯಲ್ಲಿ 32×32 ಚೌಕಗಳನ್ನು ತುಂಬಿ ತುಂಬಿ ಚಿತ್ರ ರೂಪಿಸಿದರು. ಮೂಲೆಯ ಚಿತ್ತಾರ ಬೇಕಾದಾಗ ನಾನು ಈಗಲೂ ಮೊದಲು ಚೌಕಳಿ ಹಾಳೆಯ ಮೇಲೇ ಬರೆದು ನೋಡುತ್ತೇನೆ. ಕೈಗೆ ಸಿಕ್ಕಿದ್ದು ಪರದೆಯ ಮೇಲೆ ಬೇಗ ಬರುತ್ತದೆ.

ಪ್ರಶ್ನೆ: ಕಪ್ಪು, ಬಿಳಿ, ಕಪ್ಪು ಹೀಗೆ ಮೂರು ಗೆರೆಯ ಅಂಚು ಇರುವ ಐಕಾನ್‌ಗಳನ್ನು ನೋಡಿದ್ದೇನೆ. ನಾನು ಮಾಡಿದರೆ ಒಂದು ಗೆರೆ ದಪ್ಪ, ಇನ್ನೊಂದು ಸಣ್ಣ. ಕೆಲವು ಸಲ ಹೊರಗಿನ ಗೆರೆ ಕಾಣುವುದೇ ಇಲ್ಲ.

ಉತ್ತರ: ಹೊರಗಿನ ಗೆರೆ ಕ್ಯಾನ್ವಾಸ್ ಆಚೆ ಬಿದ್ದಿದೆ. ಫೋಟೋಶಾಪ್‌ನ ಎಡಿಟ್ ಮೆನುವಿನಲ್ಲಿ ಸ್ಟ್ರೋಕ್ (ಸೆಲೆಕ್ಟ್ ಮಾಡಿದ ಜಾಗದ ಗಡಿಗೆ ಗೆರೆ ಎಳೆಯುವ ಆಯ್ಕೆ) ತೆರೆದರೆ ಇನ್‌ಸೈಡ್, ಸೆಂಟರ್, ಔಟ್‌ಸೈಡ್ ಎಂದು ಮೂರು ಆಯ್ಕೆ ಇರುತ್ತವೆ. ಇಡೀ ಕ್ಯಾನ್ವಾಸ್ ಸೆಲೆಕ್ಟ್ ಮಾಡಿ ಔಟ್‌ಸೈಡ್ ಕೊಟ್ಟರೆ ಗೆರೆ ಪೂರ್ತಿ ಹೊರಗೆ. ಸೆಂಟರ್ ಕೊಟ್ಟರೆ ಅರ್ಧ ಹೊರಗೆ. ಐಕಾನ್ ಅಂಚಿಗೆ ಯಾವಾಗಲೂ ಇನ್‌ಸೈಡ್.

ಇನ್ನು ಮೂರು ಗೆರೆಯ ವಿಷಯ. ಒಳಗೆ ಒಳಗೆ ಅಳೆದು ಬೇರೆ ಬೇರೆ ಚೌಕ ಬರೆಯಲು ಹೋಗಬೇಡಿ. ದಪ್ಪದ ಮೇಲೆ ತೆಳುವಿನ ಗೆರೆ ಪೇರಿಸಿ. ಹೊಸ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರ) ತೆರೆದು, ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಸೆಲೆಕ್ಟ್ ಮಾಡಿ, 3 ಪಿಕ್ಸೆಲ್ ಗಾಢ ಬಣ್ಣದ ಸ್ಟ್ರೋಕ್ ಕೊಡಿ. ಅದರ ಮೇಲೆ ಇನ್ನೊಂದು ಲೇಯರ್, 2 ಪಿಕ್ಸೆಲ್ ಬಿಳಿ. ಅದರ ಮೇಲೆ ಮತ್ತೊಂದು, 1 ಪಿಕ್ಸೆಲ್ ಗಾಢ ಬಣ್ಣ. ಎಲ್ಲವೂ ಇನ್‌ಸೈಡ್. ಮೇಲಿನದು ಕೆಳಗಿನದನ್ನು ಅಷ್ಟಷ್ಟೇ ಮುಚ್ಚುತ್ತಾ ಬರುತ್ತದೆ. ಕೊನೆಗೆ ಉಳಿಯುವುದು ಒಂದೊಂದೇ ಪಿಕ್ಸೆಲ್‌ನ ಮೂರು ಗೆರೆ, ಒಂದಕ್ಕೊಂದು ಅಂಟಿಕೊಂಡು.

ಗಿಂಪ್ ಎನ್ನುವ ಉಚಿತ ಚಿತ್ರ ತಂತ್ರಾಂಶ ಬಳಸುವವರಿಗೆ ದಾರಿ ಸ್ವಲ್ಪ ಬೇರೆ. ಅಲ್ಲಿ ಸೆಲೆಕ್ಷನ್‌ಗೆ ಸ್ಟ್ರೋಕ್ ಕೊಟ್ಟರೆ ಅದು ಗಡಿಯ ಎರಡೂ ಬದಿಗೆ ಹಂಚಿಹೋಗುತ್ತದೆ. ಹಾಗಾಗಿ ಪಾರದರ್ಶಕ ಲೇಯರ್ ಒಂದನ್ನು ಪೂರ್ತಿ ಬಣ್ಣದಿಂದ ತುಂಬಿ. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಸೆಲೆಕ್ಟ್ ಮೆನುವಿನ ಶ್ರಿಂಕ್‌ನಿಂದ 3 ಪಿಕ್ಸೆಲ್ ಒಳಗೆ ಎಳೆದು ಡಿಲೀಟ್ ಒತ್ತಿ. ಶ್ರಿಂಕ್ ಕಿಟಕಿಯಲ್ಲಿ, ಸೆಲೆಕ್ಷನ್ ಚಿತ್ರದಾಚೆಗೂ ಮುಂದುವರಿಯುತ್ತದೆ ಎನ್ನುವ ಆಯ್ಕೆಗೆ ಟಿಕ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಸೆಲೆಕ್ಷನ್ ಅಂಚಿನಿಂದ ಕದಲುವುದಿಲ್ಲ. ಹೀಗೇ ಬಿಳಿಗೆ 2, ಅದರ ಮೇಲಿನ ಗಾಢ ಬಣ್ಣಕ್ಕೆ 1 ಪಿಕ್ಸೆಲ್ ಎಂದು ಇನ್ನೆರಡು ಲೇಯರ್ ಮಾಡಿ.

ಇನ್ನೊಂದು ಮಾತು. ನಡುವಿನ ಬಿಳಿ ಗೆರೆಯಲ್ಲಿ ಚಿತ್ರ ತುಸು ಕಾಣಲಿ ಅಂತ ಕೆಲವರು ಅದರ ಅಪಾಸಿಟಿ ಇಳಿಸಿ ಅರೆಪಾರದರ್ಶಕ ಮಾಡುತ್ತಾರೆ. ಆಗ ಕಾಣುವುದು ಚಿತ್ರ ಅಲ್ಲ, ಕೆಳಗಿರುವ ಗಾಢ ಗೆರೆ. ಬಿಳಿ ಹೋಗಿ ಬೂದಿ ಬಣ್ಣ ಬರುತ್ತದೆ. ಬಿಳಿ ಲೇಯರಿನ ಪುಟ್ಟ ಚಿತ್ರದ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ. ಆ ಸೆಲೆಕ್ಷನ್ ಇಟ್ಟುಕೊಂಡೇ 3 ಪಿಕ್ಸೆಲ್ ಲೇಯರಿಗೆ ಹೋಗಿ ಡಿಲೀಟ್ ಒತ್ತಿ. ಈಗ ಅಪಾಸಿಟಿ ಇಳಿಸಿ ನೋಡಿ. ಕಿಟಕಿ ಗಾಜಿನ ಹಾಗೆ ಚಿತ್ರ ಹಾದುಬರುತ್ತದೆ.

ಬಣ್ಣ ಮಾತ್ರ ಸುಮ್ನೆ ಕಪ್ಪು ಅಂತ ಆರಿಸಬೇಡಿ. ಮೊನ್ನೆ ತಂತಿಯ ಮೇಲೆ ಕೂತ ಗುಬ್ಬಚ್ಚಿಯ ಐಕಾನ್ ಮಾಡುತ್ತಿದ್ದೆ. ಪೂರ್ತಿ ಕಪ್ಪು ಅಂಚು ಹಾಕಿದಾಗ ಗುಬ್ಬಚ್ಚಿ ಪೆಟ್ಟಿಗೆಯೊಳಗೆ ಕೂತ ಹಾಗಿತ್ತು. ಐಡ್ರಾಪರ್‌ನಿಂದ ರೆಕ್ಕೆಯ ಗಾಢ ಪಟ್ಟೆ ಮುಟ್ಟಿ ಬಣ್ಣ ಎತ್ತಿಕೊಂಡೆ. ಕೆಂಪು 74, ಹಸಿರು 52, ನೀಲಿ 38 ಬಂತು. ಆ ಕಂದು ಬಣ್ಣವನ್ನು ಹೊರ ಗೆರೆಗೂ, ಎದೆಯ ತಿಳಿ ಬಣ್ಣವನ್ನು ಬಿಳಿಯ ಬದಲಿಗೂ ಹಾಕಿದೆ. ಅಂಚು ಗುಬ್ಬಚ್ಚಿಯದೇ ಆಯಿತು.

ಪ್ರಶ್ನೆ: ಚುಕ್ಕಿ ಅಂಚು ಹಾಕಿದಾಗ ಎಡ ಮೂಲೆ ಸರಿ ಇರುತ್ತದೆ, ಬಲ ಮೂಲೆಯಲ್ಲಿ ಚುಕ್ಕಿ ತಪ್ಪಿಹೋಗುತ್ತದೆ. ಕೈಯಿಂದ ತಿದ್ದಿ ತಿದ್ದಿ ಸಾಕಾಗಿದೆ.

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿದೆ. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ತುಂಬ ಖುಷಿ. ಯಾಕೆಂದರೆ ಉತ್ತರ ಗೊತ್ತಾದ ದಿನ ನಾನು ಒಂದೇ ಸಮನೆ ಆರೇಳು ಅಂಚು ಮಾಡಿದ್ದೆ.

ಒಂದು ಪಿಕ್ಸೆಲ್ ಚುಕ್ಕಿ, ಒಂದು ಪಿಕ್ಸೆಲ್ ಖಾಲಿ ಅಂತ ಇಡಿ. 1, 3, 5 ಹೀಗೆ ಬೆಸ ಸಂಖ್ಯೆಯಲ್ಲಿ ಚುಕ್ಕಿ ಬೀಳುತ್ತದೆ. 100 ಸಮ ಸಂಖ್ಯೆ ಅಲ್ವಾ? ಕೊನೆಯ ಮೂಲೆ ಖಾಲಿ. ಒಂದು ಚುಕ್ಕಿ, ಎರಡು ಖಾಲಿ ಇಟ್ಟು ನೋಡಿ. 1, 4, 7 ಅಂತ ಮೂರು ಮೂರು ದಾಟುತ್ತಾ ಹೋದರೆ ಸರಿಯಾಗಿ 100ನೇ ಪಿಕ್ಸೆಲ್‌ಗೆ ಚುಕ್ಕಿ ಬರುತ್ತದೆ. ನಾಲ್ಕು ಮೂಲೆಗೂ ಚುಕ್ಕಿ. ಗೀಟು ಗೀಟು ಅಂಚು ಬೇಕಿದ್ದರೆ ನಾಲ್ಕು ಪಿಕ್ಸೆಲ್ ಗೀಟು, ಎರಡು ಪಿಕ್ಸೆಲ್ ಖಾಲಿ. ಕೊನೆಯ ಗೀಟು 97ಕ್ಕೆ ಶುರುವಾಗಿ 100ಕ್ಕೆ ಮುಗಿಯುತ್ತದೆ. ಮೂಲೆಗಳಲ್ಲಿ ಎರಡು ಗೀಟು ಸೇರಿ ಪುಟ್ಟ ಮೊಣಕೈ ಆಕಾರ ಆಗುತ್ತದೆ, ನೋಡಲು ಬಹಳ ಚೆಂದ. ಬೇರೆ ಅಳತೆಯ ಐಕಾನ್ ಆದರೆ ಹೀಗೆ ಲೆಕ್ಕ ಹಾಕಿ: ಒಟ್ಟು ಅಗಲದಿಂದ ಒಂದು ಗೀಟಿನ ಉದ್ದ ಕಳೆಯಿರಿ. ಉಳಿದದ್ದು ಗೀಟು ಮತ್ತು ಖಾಲಿ ಸೇರಿದ ಉದ್ದದಿಂದ ಶೇಷವಿಲ್ಲದೆ ಭಾಗವಾಗಬೇಕು.

ಕೈಯಿಂದ ಒಂದೊಂದೇ ಇಡುವುದೂ ಬೇಡ. 3×3 ಪಿಕ್ಸೆಲ್‌ನ ಪಾರದರ್ಶಕ ಕ್ಯಾನ್ವಾಸ್ ತೆರೆದು ಎಡ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಇಡಿ. ಎಡಿಟ್ ಮೆನುವಿನಲ್ಲಿ ಡಿಫೈನ್ ಪ್ಯಾಟರ್ನ್ ಕೊಡಿ. ನಿಮ್ಮ ಐಕಾನಿನಲ್ಲಿ ಹೊಸ ಲೇಯರ್ ತೆರೆದು ಆ ಪ್ಯಾಟರ್ನ್ ತುಂಬಿ. ಆಮೇಲೆ ಒಳಗಿನ 98×98 ಭಾಗ ಸೆಲೆಕ್ಟ್ ಮಾಡಿ ಅಳಿಸಿ. ಸುತ್ತಲಿನ ಒಂದು ಸಾಲು ಚುಕ್ಕಿ ಮಾತ್ರ ಉಳಿಯುತ್ತದೆ.

ಪ್ರಶ್ನೆ: ಮೂಲೆಗೆ ಹೂವಿನ ಚಿತ್ತಾರ ಹಾಕಬೇಕು. ನಾಲ್ಕೂ ಬೇರೆ ಬೇರೆ ಬರೆಯಬೇಕೇ?

ಉತ್ತರ: ಒಂದೇ ಸಾಕು. ಸುಮಾರು 20×20 ಪಿಕ್ಸೆಲ್‌ನಲ್ಲಿ ಎಡ ಮೇಲ್ಮೂಲೆಗೆ ಬರೆಯಿರಿ. ಲೇಯರ್ ನಕಲು ಮಾಡಿ, ಅಡ್ಡಕ್ಕೆ ಫ್ಲಿಪ್ ಮಾಡಿ, ಬಲಕ್ಕೆ ಸರಿಸಿ. ಎರಡನ್ನೂ ಸೇರಿಸಿ, ಮತ್ತೆ ನಕಲು ಮಾಡಿ, ಈ ಸಲ ಮೇಲೆ ಕೆಳಗೆ ಫ್ಲಿಪ್. ನೆರಳು ಮಾತ್ರ ಮೊದಲೇ ಬರೆಯಬೇಡಿ. ಫ್ಲಿಪ್ ಆದಾಗ ನೆರಳೂ ತಿರುಗುತ್ತದೆ, ನಾಲ್ಕು ಮೂಲೆಗೆ ನಾಲ್ಕು ದಿಕ್ಕಿನಿಂದ ಬೆಳಕು ಬಿದ್ದ ಹಾಗೆ ಆಗುತ್ತದೆ. ನಾಲ್ಕೂ ಕೂತ ಮೇಲೆ ನೆರಳು ಹಾಕಿ.

ಪ್ರಶ್ನೆ: ಕೆಂಪು ಗೆರೆಯ ಅಂಚು ಸೇವ್ ಮಾಡಿದ ಮೇಲೆ ಕಲಸಿದ ಹಾಗೆ ಕಾಣುತ್ತದೆ. ದುಂಡು ಮೂಲೆ ಮಾಡಿದರೆ ಸುತ್ತ ಬಿಳಿ ಪುಡಿ ಉಳಿಯುತ್ತದೆ.

ಉತ್ತರ: ಎರಡಕ್ಕೂ ಮದ್ದು ಒಂದೇ, ಸೇವ್ ಮಾಡುವಾಗ ಆರಿಸಬೇಕಾದ ಕಡತದ ಬಗೆ: ಪಿಎನ್‌ಜಿ. ಕೆಂಪು ಗೆರೆ ಕಲಸುವುದು ಜೆಪೆಗ್ ಕಡತದಿಂದ. ಅದು ಚಿತ್ರವನ್ನು 8×8 ಪಿಕ್ಸೆಲ್‌ನ ತುಂಡು ಮಾಡಿ ಸಂಕುಚಿಸುತ್ತದೆ. ಬಣ್ಣದ ವಿವರವನ್ನಂತೂ ಬೆಳಕಿನ ವಿವರಕ್ಕಿಂತ ಜಾಸ್ತಿ ಕಡಿಮೆ ಮಾಡುತ್ತದೆ. ಒಂದು ಪಿಕ್ಸೆಲ್‌ನ ಕೆಂಪು ಗೆರೆಗೆ ಅಲ್ಲಿ ಉಳಿಗಾಲವಿಲ್ಲ. ಬಿಳಿ ಪುಡಿ ಗಿಫ್‌ನಿಂದ ಬರುವುದು. ಗಿಫ್‌ನಲ್ಲಿ ಪಿಕ್ಸೆಲ್ ಒಂದೋ ಪೂರ್ತಿ ಪಾರದರ್ಶಕ, ಇಲ್ಲವೋ ಪೂರ್ತಿ ತುಂಬಿದ್ದು. ಅರೆಪಾರದರ್ಶಕ ಅನ್ನುವುದೇ ಇಲ್ಲ. ಪಿಎನ್‌ಜಿಯಲ್ಲಿ ಅದು ಇದೆ. ಒಮ್ಮೆ ಜೆಪೆಗ್ ಆಗಿ ಕೆಟ್ಟದ್ದನ್ನು ಪಿಎನ್‌ಜಿಗೆ ಬದಲಿಸಿದರೆ ಸರಿಹೋಗುವುದಿಲ್ಲ, ಲೇಯರ್ ಇರುವ ಮೂಲ ಕಡತದಿಂದಲೇ ಸೇವ್ ಮಾಡಿ.

ಪ್ರಶ್ನೆ: ಚಲಿಸುವ ಗಿಫ್ ಐಕಾನಿಗೆ ಅಂಚು ಹಾಕಿದರೆ ಒಂದು ಫ್ರೇಮಿನಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುತ್ತದೆ.

ಉತ್ತರ: ಫೋಟೋಶಾಪ್ ಆದರೆ ಅಂಚಿನ ಲೇಯರನ್ನು ಎಲ್ಲದರ ಮೇಲೆ ಇಟ್ಟು, ಪ್ರತಿ ಫ್ರೇಮಿನಲ್ಲೂ ಅದರ ಕಣ್ಣಿನ ಗುರುತು ಇದೆಯಾ ನೋಡಿ. ಗಿಂಪ್‌ನಲ್ಲಿ ಒಂದು ಲೇಯರ್ ಅಂದರೆ ಒಂದು ಫ್ರೇಮ್. ಅಂಚನ್ನು ಅಷ್ಟು ಸಲ ನಕಲು ಮಾಡಿ ಒಂದೊಂದು ಫ್ರೇಮಿಗೂ ಸೇರಿಸಬೇಕು.

ಪ್ರಶ್ನೆ: ಈಗೆಲ್ಲ ಕಡೆ ಐಕಾನನ್ನು ವೃತ್ತವಾಗಿ ಕತ್ತರಿಸುತ್ತಾರೆ. ನನ್ನ ಚೌಕದ ಅಂಚಿನ ಗತಿ?

ಉತ್ತರ: ಚೌಕದ ಅಂಚು ಅಲ್ಲಿ ನಿಲ್ಲುವುದಿಲ್ಲ. ಚೌಕದಿಂದ ವೃತ್ತ ಕತ್ತರಿಸಿದರೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜಾಗ ಹೋಗುತ್ತದೆ, ಅದೂ ಮೂಲೆಗಳಿಂದ. 100 ಪಿಕ್ಸೆಲ್ ಐಕಾನಿನಲ್ಲಿ ಒಂದು ಪಿಕ್ಸೆಲ್ ಗೆರೆ ಪ್ರತಿ ಬದಿಯ ನಡುವೆ ಸುಮಾರು 15 ಪಿಕ್ಸೆಲ್ ಉದ್ದ ಮಾತ್ರ ಉಳಿಯುತ್ತದೆ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ತುಂಡು ಗೆರೆ. ಹಾಗಾಗಿ ಅಂಥ ಕಡೆಗೆ ವೃತ್ತದ ಅಂಚನ್ನೇ ಬರೆಯಿರಿ. ಎಲಿಪ್ಸ್ ಸೆಲೆಕ್ಷನ್, ಆಂಟಿ ಏಲಿಯಾಸ್ ಆನ್ ಇರಲಿ, ಇಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಹೊರಗೆ ಮೂರು ನಾಲ್ಕು ಪಿಕ್ಸೆಲ್ ಬಿಟ್ಟು ಗೆರೆ ಎಳೆಯಿರಿ. ಕತ್ತರಿಸುವಾಗ ತುಸು ಆಚೀಚೆ ಆದರೂ ಗೆರೆ ಉಳಿಯುತ್ತದೆ. 400 ಪಿಕ್ಸೆಲ್ ಚಿತ್ರ ಹಾಕಿ ಅದು 40 ಪಿಕ್ಸೆಲ್ ಆಗಿ ಕಾಣುವುದಾದರೆ, ಕೊನೆಗೆ ಒಂದು ಪಿಕ್ಸೆಲ್ ಗೆರೆ ಸಿಗಲು ನೀವು 10 ಪಿಕ್ಸೆಲ್ ದಪ್ಪ ಬರೆಯಬೇಕು. ಇಲ್ಲಿ ಮಾತ್ರ ಇಳಿಸುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಗೆರೆಗಳನ್ನು ಕಡಿಮೆ ಮಾಡಿ, ದಪ್ಪ ಮಾಡಿ.

ಪ್ರಶ್ನೆ: ನನ್ನ ಅಂಚು ಬರುಬರುತ್ತಾ ಅಗಲವಾಗುತ್ತಿದೆ, ಚಿತ್ರ ಚಿಕ್ಕದಾಗುತ್ತಿದೆ. ಎಷ್ಟು ಅಗಲ ಸರಿ? ಬ್ರೌಸರ್ ಟ್ಯಾಬಿನಲ್ಲಿ ಕಾಣುವ 16×16ರ ಫ್ಯಾವಿಕಾನ್‌ಗೂ ಅಂಚು ಹಾಕಬಹುದೇ?

ಉತ್ತರ: ಒಮ್ಮೆ ಎಣಿಸಿ ನೋಡಿ. 100×100 ಅಂದರೆ 10,000 ಪಿಕ್ಸೆಲ್. ಒಂದು ಪಿಕ್ಸೆಲ್ ಅಂಚು ತಿನ್ನುವುದು 396. ಐದು ಪಿಕ್ಸೆಲ್ ಅಂಚಿಗೆ 1,900. ಹತ್ತು ಪಿಕ್ಸೆಲ್ ಅಂಚಿಗೆ 3,600, ಅಂದರೆ ಮೂರನೇ ಒಂದಕ್ಕಿಂತ ಜಾಸ್ತಿ. ಹತ್ತು ಅಂದರೆ ಸಣ್ಣದು ಅನ್ನಿಸುತ್ತದೆ, ಆದರೆ ನಾಲ್ಕು ಕಡೆಯಿಂದ ಬರುತ್ತದಲ್ಲ. ಮುಖದ ಚಿತ್ರ ಆದರೆ ನಾನು ಮೂರಕ್ಕೆ ನಿಲ್ಲಿಸುತ್ತೇನೆ. ಸಣ್ಣಗೆ ಇಳಿಸಿದಾಗ ಕಣ್ಣು ಎರಡು ಮೂರು ಪಿಕ್ಸೆಲ್ ಮಾತ್ರ ಇರುತ್ತದೆ, ಅದಕ್ಕೆ ಜಾಗ ಬೇಕು. ಹೂವು, ಬಟ್ಟೆಯ ವಿನ್ಯಾಸ, ಬರೀ ಅಕ್ಷರ ಇರುವ ಐಕಾನಿಗೆ ಎಂಟರವರೆಗೂ ಹೋಗಿದ್ದೇನೆ.

ಫ್ಯಾವಿಕಾನ್‌ನಲ್ಲಿ ಇರುವುದೇ 256 ಪಿಕ್ಸೆಲ್. ಒಂದೇ ಪಿಕ್ಸೆಲ್ ಅಂಚಿಗೆ 60 ಹೋಗುತ್ತದೆ, ಹತ್ತಿರ ಹತ್ತಿರ ಕಾಲು ಭಾಗ. ಅಲ್ಲಿ ಗೆರೆ ಬೇಡ. ಹಿನ್ನೆಲೆಗೆ ಒಂದು ಗಟ್ಟಿ ಬಣ್ಣ ತುಂಬಿ, ನಾಲ್ಕು ಮೂಲೆಯ ಒಂದೊಂದು ಪಿಕ್ಸೆಲ್ ಅಳಿಸಿ. ನಾಲ್ಕೇ ಪಿಕ್ಸೆಲ್ ತೆಗೆದರೆ ಸಾಕು, ಆ ಚೌಕ ಮೃದುವಾಗಿ, ಅಂಚು ಕಟ್ಟಿದ ಹಾಗೆ ಕಾಣುತ್ತದೆ.