ಖರ್ಚಿಗೆ ತೆರಿಗೆ: ನಮ್ಮಲ್ಲೇ ಮಾಡಿ ನೋಡಿದ್ದಾರೆ

ನಮಸ್ಕಾರ. ಜಾಸ್ತಿ ಖರ್ಚು ಮಾಡುವ ಶ್ರೀಮಂತರಿಗೆ ಜಾಸ್ತಿ ತೆರಿಗೆ ಹಾಕಿ, ಉಳಿಸುವವರಿಗೆ ರಿಯಾಯಿತಿ ಕೊಟ್ಟರೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ.

ನಮ್ಮ ದೇಶದಲ್ಲೇ ಇದನ್ನು ಮಾಡಿ ನೋಡಿದ್ದಾರೆ. ಕೇಂಬ್ರಿಡ್ಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1956ರಲ್ಲಿ ಕೊಟ್ಟ ಸಲಹೆಯ ಮೇಲೆ 1957ರಲ್ಲಿ ವೆಚ್ಚ ತೆರಿಗೆ ಕಾಯ್ದೆ ಬಂತು. ಖರ್ಚು ಏರಿದಂತೆ ದರವೂ ಏರುತ್ತಿತ್ತು. 1962ರಲ್ಲಿ ತೆಗೆದರು, 1964ರಲ್ಲಿ ಮತ್ತೆ ತಂದರು, 1966ರಲ್ಲಿ ಪೂರ್ತಿ ಕೈಬಿಟ್ಟರು. ಬಂದ ಹಣ ತೀರಾ ಕಡಿಮೆ. ಒಂದು ಮನೆಯ ಮದುವೆ, ಪ್ರವಾಸ, ಬಟ್ಟೆಬರೆ ಎಲ್ಲದರ ಲೆಕ್ಕ ಹಿಡಿಯುವುದು ಸುಲಭವೇ ಹೇಳಿ?

ಉಳಿತಾಯದ ರಿಯಾಯಿತಿ ನನಗೆ ಇನ್ನೂ ಬೇಸರ ತರಿಸುವ ವಿಷಯ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿತಾಯದ ಹಣಕ್ಕೆ ಆದಾಯ ತೆರಿಗೆ ರಿಯಾಯಿತಿ ಕೊಡುವ, 80ಸಿ ಎಂದೇ ಹೆಸರಾದ ನಿಯಮ ನೋಡಿ. ಪಿಪಿಎಫ್ ಎಂಬ ಸರ್ಕಾರಿ ಉಳಿತಾಯ ಖಾತೆಗೋ ಎಲ್‌ಐಸಿ ವಿಮೆಗೋ ವರ್ಷಕ್ಕೆ ಒಂದೂವರೆ ಲಕ್ಷ ಹಾಕಿದರೆ, ತೆರಿಗೆಯ ಮೇಲಿನ ಸೆಸ್ ಸೇರಿ, 30% ಸ್ಲ್ಯಾಬಿನವರಿಗೆ (ತೆರಿಗೆ ದರದ ಹಂತದವರಿಗೆ) 46,800 ರೂಪಾಯಿ ತೆರಿಗೆ ಉಳಿಯುತ್ತದೆ. 20% ಸ್ಲ್ಯಾಬಿನವರಿಗೆ 31,200. ವಾರವಾರ ಸಂಘಕ್ಕೆ ನೂರು ರೂಪಾಯಿ ಕಟ್ಟುವ ಹೂ ಮಾರುವ ಹೆಂಗಸಿಗೆ? ಒಂದು ಪೈಸೆಯೂ ಇಲ್ಲ. ಅವಳ ಆದಾಯ ತೆರಿಗೆ ಮಟ್ಟ ಮುಟ್ಟುವುದೇ ಇಲ್ಲ. ಉಳಿಸಲು ಎಲ್ಲರಿಗಿಂತ ಜಾಸ್ತಿ ಕಷ್ಟಪಡುವವಳು ಅವಳೇ. ಸೋಪು ಕೊಂಡಾಗ ಜಿಎಸ್‌ಟಿ ಮಾತ್ರ ಎಲ್ಲರಷ್ಟೇ ಕಟ್ಟುತ್ತಾಳೆ.

ಹಾಗಾಗಿ ನನ್ನ ಮಾತು ಇಷ್ಟೇ. ಏರುವ ದರ ಆದಾಯದ ಮೇಲೇ ಇರಲಿ, ಖರ್ಚಿಗೆ ದಂಡ ಬೇಡ. ಉಳಿತಾಯಕ್ಕೆ ಪ್ರೋತ್ಸಾಹ ಕೊಡುವುದಾದರೆ ಸರ್ಕಾರ ಹಣವನ್ನು ನೇರವಾಗಿ ಉಳಿಸುವವರ ಖಾತೆಗೇ ಸೇರಿಸಲಿ. 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಶುರುವಾದಾಗ, ಮೊದಲು ಸೇರಿದ, ಆದಾಯ ತೆರಿಗೆ ಕಟ್ಟದವರ ಕಂತಿನ ಅರ್ಧದಷ್ಟನ್ನು, ವರ್ಷಕ್ಕೆ 1,000 ರೂಪಾಯಿವರೆಗೆ, ಐದು ವರ್ಷ ಸರ್ಕಾರವೇ ಹಾಕುವ ವ್ಯವಸ್ಥೆ ಇತ್ತು. ಅಂಥದ್ದು ಮತ್ತೆ ಬರಬೇಕು.